ಆಕಾಶ ನೋಡಿ ವೇಗ ಹೇಳುವ ಮೀಟರು

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಮೂವತ್ತು ವರ್ಷ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಸ್ಪಾನರ್ ಹಿಡಿಯುವುದನ್ನು ಕಲಿಸಿದವನು ನಾನು. ಅಲ್ಲಿ ಮಾತಿಗಿಂತ ಬೈಗಳೇ ಹೆಚ್ಚು. ಆದರೂ ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು, "ನಿಮ್ಮ ಶೆಡ್ಡಿನ ಕಾರಿನ ಕತೆಯನ್ನೇ ಹೇಳಿ, ಮಕ್ಕಳಿಗೆ ಉಪಯೋಗವಾಗುತ್ತದೆ" ಎಂದಾಗ ಇಲ್ಲವೆನ್ನಲು ಆಗಲಿಲ್ಲ. ಒಂದು ಕಾರಿಗೆ ಒಂದು ಮೀಟರು ಕೂರಿಸಿದ ಕತೆ ಇದು. ಇದರಲ್ಲಿ ಸ್ವಲ್ಪ ವಿಜ್ಞಾನವಿದೆ, ಸ್ವಲ್ಪ ಕೈಕೆಲಸವಿದೆ, ನನ್ನದೊಂದು ದೊಡ್ಡ ತಪ್ಪೂ ಇದೆ. ತಪ್ಪನ್ನು ಮುಚ್ಚಿಟ್ಟು ಉಳಿದ ಎರಡನ್ನು ಮಾತ್ರ ಹೇಳಿದರೆ ಅದು ಉಪಯೋಗಕ್ಕೆ ಬಾರದು.

ನಾನು ನಿಟ್ಟೆಯವನು. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು 1979ರಲ್ಲಿ ಶಿಕ್ಷಣ ಟ್ರಸ್ಟ್ ಕಟ್ಟಿ, 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದ ಮೇಲೆ ನಮ್ಮ ಹಳ್ಳಿಯ ಹೆಸರು ಹೊರಗಿನವರಿಗೆ ತಿಳಿಯಿತು. ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ಬಸ್ಸಿನಲ್ಲಿ ಕುಳಿತರೆ ಇಂದು ಅರ್ಧಕ್ಕರ್ಧ ವಿದ್ಯಾರ್ಥಿಗಳೇ. ಅಂಥ ಊರಿನಲ್ಲಿ ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ ಮುಖ ಅಡಗಿಸಲು ಜಾಗವಿಲ್ಲ. ನನ್ನ ತಂಗಿಯ ಮಗನಿಗೆ ಆದದ್ದು ಅದೇ. ಡಿಪ್ಲೊಮಾದ ನಾಲ್ಕನೇ ಸೆಮಿಸ್ಟರಿನಲ್ಲಿ ಮೂರು ವಿಷಯ ಹೋಯಿತು. ಹುಡುಗ ಮನೆಯಿಂದ ಹೊರಬರುವುದನ್ನೇ ಬಿಟ್ಟ. ತಂಗಿ ಬಂದು, "ನಿಮ್ಮ ಶೆಡ್ಡಿನಲ್ಲಾದರೂ ಕೂರಿಸಿಕೊಳ್ಳಿ ಅಣ್ಣ, ನನಗೆ ಹೆದರಿಕೆಯಾಗುತ್ತದೆ" ಎಂದು ಅತ್ತಳು. ಹೀಗೆ ಅವನು ನನ್ನ ಶೆಡ್ಡಿಗೆ ಬಂದ.

ಶೆಡ್ಡಿನಲ್ಲಿ ಆಗ ಒಂದು ಕಾರು ಅರ್ಧ ತಯಾರಾಗಿ ನಿಂತಿತ್ತು. ಗುಜರಿಗೆ ಹೋಗಲಿದ್ದ ಜೀಪಿನ ಚಾಸಿಸ್, ಬೇರೆಲ್ಲಿಂದಲೋ ತಂದ ಇಂಜಿನ್ನು, ಮತ್ತೊಂದು ಗಾಡಿಯ ಗೇರ್‌ಬಾಕ್ಸ್, ನಾನೇ ಬಡಿದು ಮಡಚಿದ ತಗಡಿನ ಬಾಡಿ. 1930ರ ದಶಕದ ಕಾರುಗಳಂತೆ ತಲೆಯ ಮೇಲೆ ಮಾಡಿಲ್ಲದ ಆಕಾರ. ಡ್ಯಾಶ್‌ಬೋರ್ಡಿಗೆ ನಮ್ಮ ಹಿತ್ತಿಲಿನ ಹಲಸಿನ ಹಲಗೆ. ಹಳೆಯ ಕಾರುಗಳ ಮೇಲಿನ ಈ ಹುಚ್ಚು ನನಗೆ ಹಿಡಿದದ್ದು ಧರ್ಮಸ್ಥಳದ ಮಂಜೂಷಾ ಸಂಗ್ರಹದಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೋಡಿದ ಮೇಲೆ.

ಸಮೀಪದ ಒಂದು ಶಾಲೆಯವರು ಜನವರಿಯ ವಿಜ್ಞಾನ ಪ್ರದರ್ಶನಕ್ಕೆ ಈ ಕಾರನ್ನು ಕೇಳಿದರು. ಮೈದಾನದೊಳಗೆ ಮಕ್ಕಳನ್ನು ಕೂರಿಸಿ ಒಂದು ಸುತ್ತು ಹಾಕಿಸಬೇಕು. ಆದರೆ ಅವರ ಶರತ್ತು ಖಡಾಖಂಡಿತವಾಗಿತ್ತು: ವೇಗ ಗಂಟೆಗೆ 20 ಕಿ.ಮೀ. ದಾಟಬಾರದು, ಅದನ್ನು ತೋರಿಸುವ ಮೀಟರು ಸರಿಯಾಗಿ ಕೆಲಸ ಮಾಡುತ್ತಿರಬೇಕು. ಕಾರಿನಲ್ಲಿ ಮೀಟರೇ ಇರಲಿಲ್ಲ.

ಹಳೆಯ ಮೀಟರು ಯಾಕೆ ಆಗುವುದಿಲ್ಲ?

ಹಳೆಯ ಸ್ಪೀಡೋಮೀಟರು ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಗೇರ್‌ಬಾಕ್ಸಿನಿಂದ ಒಂದು ತಂತಿಯ ಕೇಬಲು ಮೀಟರಿನವರೆಗೆ ತಿರುಗುತ್ತಾ ಬರುತ್ತದೆ. ಅದರ ತುದಿಯಲ್ಲಿ ಒಂದು ಅಯಸ್ಕಾಂತ, ಅದರ ಸುತ್ತ ಬಟ್ಟಲಿನಂಥ ಅಲ್ಯೂಮಿನಿಯಂ ತುಂಡು. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ತು ಹುಟ್ಟಿ, ಬಟ್ಟಲು ತಾನೂ ತಿರುಗಲು ನೋಡುತ್ತದೆ. ಒಂದು ಸಣ್ಣ ಸುರುಳಿ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆ. ಈ ಎಳೆದಾಟದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೋ ಅದೇ ವೇಗ. ಜರ್ಮನಿಯ ಒಟ್ಟೋ ಶುಲ್ಝೆ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ದಶಕಗಳ ಕಾಲ ಜಗತ್ತಿನ ಬಹುಪಾಲು ಕಾರುಗಳನ್ನು ನಡೆಸಿತು. ನನ್ನ ಉಪ್ಪ ಓಡಿಸುತ್ತಿದ್ದ ಬಾಡಿಗೆ ಕಾರಿನಲ್ಲೂ ಇದ್ದದ್ದು ಅದೇ.

ಆದರೆ ಈ ಮೀಟರು ನಿಜವಾಗಿ ವೇಗವನ್ನು ಅಳೆಯುವುದಿಲ್ಲ. ಗೇರ್‌ಬಾಕ್ಸಿನ ಸುತ್ತುಗಳನ್ನು ಅಳೆದು, ಚಕ್ರ ಇಷ್ಟೇ ದೊಡ್ಡದೆಂದು ನಂಬಿಕೊಂಡು ವೇಗವೆಂದು ಹೇಳುತ್ತದೆ. ಚಕ್ರ ಒಂದು ಸುತ್ತಿಗೆ 2 ಮೀಟರ್ ಹೋಗುತ್ತದೆಂದು ಮಾಡಿದ ಮೀಟರಿಗೆ 2.2 ಮೀಟರ್ ಹೋಗುವ ದೊಡ್ಡ ಟೈರು ಹಾಕಿದರೆ, ಅದು 20 ಎಂದು ತೋರಿಸುವಾಗ ಕಾರು 22ರಲ್ಲಿ ಓಡುತ್ತಿರುತ್ತದೆ. ನಮ್ಮದಂತೂ ಮೂರು ಗಾಡಿಗಳ ಬೆರಕೆ. ಹೊಂದುವ ಹಲ್ಲಿನ ಚಕ್ರ ಎಲ್ಲೂ ಸಿಗುವುದಿಲ್ಲ. ಆದ್ದರಿಂದ ಗೇರ್‌ಬಾಕ್ಸನ್ನೂ ಟೈರನ್ನೂ ಕೇಳದೆ ವೇಗ ಹೇಳುವ ಮೀಟರು ಬೇಕಾಯಿತು. ಅದೇ ಜಿಪಿಎಸ್ ಸ್ಪೀಡೋಮೀಟರು.

ಆಕಾಶದಿಂದ ವೇಗ ಬರುವುದು ಹೇಗೆ?

ಹಾರ್ನ್ ಹಾಕುತ್ತಾ ಬರುವ ಎಕ್ಸ್‌ಪ್ರೆಸ್ ಬಸ್ಸನ್ನು ನೀವು ಕೇಳಿದ್ದೀರಿ. ಹತ್ತಿರ ಬರುವಾಗ ಸ್ವರ ಏರಿರುತ್ತದೆ, ನಮ್ಮನ್ನು ದಾಟಿ ಹೋದ ಕೂಡಲೇ ಇಳಿಯುತ್ತದೆ. ಇದು ಡಾಪ್ಲರ್ ಪರಿಣಾಮ. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕದ ಇಬ್ಬರು ಯುವ ವಿಜ್ಞಾನಿಗಳು, ಗೈಯರ್ ಮತ್ತು ವೈಫನ್‌ಬಾಕ್, ಅದರ ರೇಡಿಯೋ ಸ್ವರದ ಏರಿಳಿತವನ್ನು ಕೇಳಿಯೇ ಅದು ಯಾವ ದಾರಿಯಲ್ಲಿ ಸುತ್ತುತ್ತಿದೆ ಎಂದು ಲೆಕ್ಕ ಹಾಕಿದರು. ಆಮೇಲೆ ಪ್ರಶ್ನೆಯನ್ನು ತಿರುಗಿಸಿ ಹಾಕಲಾಯಿತು: ಉಪಗ್ರಹ ಎಲ್ಲಿದೆ ಎಂದು ಗೊತ್ತಿದ್ದರೆ, ನೆಲದ ಮೇಲಿರುವ ನಾವು ಎಲ್ಲಿದ್ದೇವೆ ಎಂದು ತಿಳಿಯಬಹುದಲ್ಲವೇ? ಉಪಗ್ರಹಗಳಿಂದ ದಾರಿ ತಿಳಿಯುವ ವಿದ್ಯೆಗೆ ಈ ಪ್ರಶ್ನೆಯೇ ತಾಯಿ. ಜಿಪಿಎಸ್ಸಿನ ಮೊದಲ ಉಪಗ್ರಹ 1978ರಲ್ಲಿ ಹಾರಿತು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಅವು ಸುತ್ತುತ್ತವೆ. ಸಾರ್ವಜನಿಕರಿಗೆ ಬೇಕೆಂದೇ ಒರಟು ಲೆಕ್ಕ ಕೊಡುತ್ತಿದ್ದುದನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ ಅದು ನಮ್ಮ ನಿಮ್ಮಂಥವರ ಕೈಗೂ ಉಪಯೋಗಕ್ಕೆ ಬಂತು.

ಮೀಟರಿನೊಳಗಿನ ರಿಸೀವರು ಕನಿಷ್ಠ ನಾಲ್ಕು ಉಪಗ್ರಹಗಳನ್ನು ಹಿಡಿಯಬೇಕು. ಮೂರು ಸ್ಥಳಕ್ಕೆ, ನಾಲ್ಕನೆಯದು ತನ್ನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳಲು. ಕಾರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಉಪಗ್ರಹದ ಕಡೆ ಚಲಿಸಿದರೆ, ಕೇಳಿಬರುವ 1575.42 ಮೆಗಾಹರ್ಟ್ಸ್ ಸ್ವರದಲ್ಲಿ ಬದಲಾವಣೆ ಕೇವಲ ಐದು ಹರ್ಟ್ಸಿನಷ್ಟು. ಅಷ್ಟನ್ನು ಗುರುತಿಸಿ ಅದು ವೇಗ ಹೇಳುತ್ತದೆ. ಇನ್ನು ಆ ಸಂಕೇತದ ಬಲವೋ! ಒಂದು ವಾಟ್ ಶಕ್ತಿಯನ್ನು ಹತ್ತು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು. ಈ ಮಾತನ್ನು ನೆನಪಿಡಿ. ಮುಂದೆ ನಮ್ಮನ್ನು ಎರಡು ವಾರ ಅಲೆಸಿದ್ದು ಇದೇ.

ಈ ವಿದ್ಯೆ ಹೊರದೇಶದವರದ್ದು ಮಾತ್ರ ಎಂದುಕೊಳ್ಳಬೇಡಿ. ನಮ್ಮದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದರ ಲೆಕ್ಕಾಚಾರದ ಕೇಂದ್ರವಿರುವುದು ನಮ್ಮ ಕರ್ನಾಟಕದಲ್ಲೇ, ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಅವರಿಗೂ ತೊಂದರೆಗಳು ಬಂದಿವೆ. ಮೊದಲ ಉಪಗ್ರಹದ ಪರಮಾಣು ಗಡಿಯಾರಗಳು ಮೂರೂ ಕೆಟ್ಟವು. 2023ರ ಮೇ 29ರಂದು ಭಾರತದಲ್ಲೇ ಮಾಡಿದ ಪರಮಾಣು ಗಡಿಯಾರ ಹೊತ್ತ ಉಪಗ್ರಹ ಹಾರಿತು. 2025ರ ಜನವರಿಯಲ್ಲಿ ಹಾರಿದ ಮುಂದಿನದ್ದು, ಕವಾಟ ತೆರೆಯದ ಕಾರಣ ತನ್ನ ಕಕ್ಷೆಗೆ ಹೋಗಲಾಗಲಿಲ್ಲ. ದೊಡ್ಡವರಿಗೂ ಹೀಗಾಗುತ್ತದೆ ಎಂದರೆ, ಶೆಡ್ಡಿನಲ್ಲಿ ಕುಳಿತ ನಮಗೆ ನಾಚಿಕೆ ಯಾಕೆ?

ಕೂರಿಸಿದ ಬಗೆ

ಮೀಟರು ಬಂತು. ಹಳೆಯ ಕಾಲದ ಮುಖ, ಒಳಗೆ ಹೊಸ ಕಾಲದ ಕರುಳು. ಹಿಂದೆ ನಾಲ್ಕು ವೈರು ಮತ್ತು ಉದ್ದದ ಕೇಬಲಿನ ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಆಂಟೆನಾ. ಡಬ್ಬಿಯೊಳಗಿನ ಕಾಗದವನ್ನು ಮೊದಲು ಓದಬೇಕು. ವೈರಿನ ಬಣ್ಣ ಎಲ್ಲ ಕಂಪೆನಿಗಳಲ್ಲೂ ಒಂದೇ ಇರುವುದಿಲ್ಲ. ನಮ್ಮದರಲ್ಲಿ ಒಂದು ವೈರು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಕಡೆಗೆ, ಒಂದು ಬ್ಯಾಟರಿಯಿಂದ ಸದಾ ಕರೆಂಟಿರುವ ಕಡೆಗೆ, ಒಂದು ದೀಪಕ್ಕೆ, ಒಂದು ಅರ್ತಿಗೆ. ಮೊದಲಿನ ಎರಡನ್ನು ಅದಲುಬದಲು ಮಾಡಿದರೆ ಓಡಿದ ಕಿಲೋಮೀಟರಿನ ಲೆಕ್ಕ ಉಳಿಯದೆ ಹೋಗಬಹುದು, ಇಲ್ಲವೇ ಗಾಡಿ ನಿಂತಿದ್ದಾಗ ಬ್ಯಾಟರಿ ಇಳಿಯಬಹುದು. ಎರಡು ಕರೆಂಟಿನ ವೈರಿಗೂ ಸಣ್ಣ ಫ್ಯೂಸು ಹಾಕಲೇಬೇಕು.

ಇನ್ನೊಂದು ಎಚ್ಚರ. ಹಳೆಯ ಕಾರುಗಳಲ್ಲಿ ಹಲವು 6 ವೋಲ್ಟಿನವು. ಹಲವು ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರುವುದು ಬ್ಯಾಟರಿಯ ಪ್ಲಸ್. ಅಂಥ ಗಾಡಿಗೆ ಇಂದಿನ ಮೀಟರನ್ನು ಕಣ್ಣುಮುಚ್ಚಿ ಜೋಡಿಸಿದರೆ ಅದು ಕೆಲಸ ಮಾಡದಿರಬಹುದು, ಸುಡಲೂಬಹುದು. ನಮ್ಮದು 12 ವೋಲ್ಟ್, ಮೈನಸ್ ಬಾಡಿಗೆ. ಅದನ್ನೂ ಹುಡುಗ ಮಲ್ಟಿಮೀಟರ್ ಹಿಡಿದು ನೋಡಿಯೇ ಮುಂದುವರಿದ.

ಹಲಸಿನ ಹಲಗೆಯಲ್ಲಿ 85 ಮಿಲಿಮೀಟರಿನ ತೂತು ಕೊರೆಯಬೇಕಿತ್ತು. ಅವನು ಮೊದಲು ರಟ್ಟಿನಲ್ಲಿ ಕತ್ತರಿಸಿ, ಸ್ಟೀರಿಂಗಿನ ಹಿಂದೆ ಇಟ್ಟು, ಡ್ರೈವರ್ ಸೀಟಿನಲ್ಲಿ ಕುಳಿತು ಮುಳ್ಳು ಕಾಣುತ್ತದೋ ನೋಡಿದ. ಕಾಣುತ್ತಿರಲಿಲ್ಲ. ಎರಡು ಅಂಗುಲ ಬಲಕ್ಕೆ ಸರಿಸಿದ. ನಾನಾಗಿದ್ದರೆ ನೇರ ಕೊರೆದು ಹಲಗೆ ಹಾಳು ಮಾಡುತ್ತಿದ್ದೆ. ಆಗಲೇ ನನಗೆ ಈ ಹುಡುಗನ ಬಗ್ಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಮೊದಲ ತೊಂದರೆ: ಮುಳ್ಳೇ ಏಳಲಿಲ್ಲ

ಆಂಟೆನಾ ಹೊರಗೆ ಕಂಡರೆ ಹಳೆಯ ಕಾರಿನ ಅಂದ ಕೆಡುತ್ತದೆಂದು ನಾನು ಅದನ್ನು ಮುಂದಿನ ತಗಡಿನ ಅಡಿಯಲ್ಲಿ ಅಂಟಿಸಿಸಿದೆ. ಕೀ ತಿರುಗಿಸಿದರೆ ದೀಪ ಬಂತು, ಮುಳ್ಳು ಸೊನ್ನೆಯಲ್ಲೇ. ಮೀಟರೇ ಹಾಳು, ವಾಪಸು ಕಳಿಸೋಣ ಎಂದೆ. "ಮಾಮ, ಮೊದಲು ಹೊರಗೆ ತಂದು ನೋಡೋಣ" ಎಂದ. ಆಂಟೆನಾವನ್ನು ಕಿತ್ತು, ಕಾರನ್ನು ಅಂಗಳಕ್ಕೆ ನೂಕಿ, ಆಂಟೆನಾವನ್ನು ಬಾನೆಟಿನ ಮೇಲೆ ಮುಖ ಮೇಲೆ ಮಾಡಿ ಇಟ್ಟು ಸುಮ್ಮನೆ ಕುಳಿತೆವು. ಹೊಸ ರಿಸೀವರಿಗೆ ಆಕಾಶದ ಪರಿಚಯವಿರುವುದಿಲ್ಲ. ಒಂದೊಂದು ಉಪಗ್ರಹ ತನ್ನ ಸ್ಥಾನದ ವಿವರ ಹೇಳಿ ಮುಗಿಸಲು 30 ಸೆಕೆಂಡು, ಎಲ್ಲ ಉಪಗ್ರಹಗಳ ಪಂಚಾಂಗ ಹೇಳಿ ಮುಗಿಸಲು ಹನ್ನೆರಡೂವರೆ ನಿಮಿಷ ಬೇಕು. ಸ್ವಲ್ಪ ಹೊತ್ತಿನಲ್ಲಿ ಮೀಟರಿನ ಸೂಚಕ ದೀಪ ಮಿಟುಕುವುದನ್ನು ನಿಲ್ಲಿಸಿತು. ನೂಕಿದರೆ ಮುಳ್ಳು ಎದ್ದಿತು!

ತಗಡು ರೇಡಿಯೋ ಅಲೆಯನ್ನು ಒಳಗೆ ಬಿಡುವುದಿಲ್ಲ. ಗಾಜು, ಪ್ಲಾಸ್ಟಿಕ್, ಒಣ ಮರ ಬಿಡುತ್ತವೆ. ಆದ್ದರಿಂದ ಡ್ಯಾಶ್‌ಬೋರ್ಡಿನ ಮೇಲಂಚಿನ ಹಲಸಿನ ಹಲಗೆಯ ಅಡಿಯಲ್ಲಿ ಆಂಟೆನಾ ಇಟ್ಟೆವು. ಕಣ್ಣಿಗೂ ಕಾಣುವುದಿಲ್ಲ, ಆಕಾಶವೂ ತಪ್ಪುವುದಿಲ್ಲ. ಈ ಉಪಾಯ ಅವನದ್ದೇ.

ಎರಡನೇ ತೊಂದರೆ, ನನ್ನ ತಪ್ಪು

ಮರುದಿನ ತೋಟದ ದಾರಿಯಲ್ಲಿ ಓಡಿಸಿದಾಗ ಹೊಸ ಪೇಚು. ಹಾರ್ನ್ ಒತ್ತಿದರೆ ಮೀಟರು ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು, ಮುಳ್ಳು ಸೊನ್ನೆಗೆ ಬೀಳುತ್ತಿತ್ತು. ಶೆಡ್ಡಿನಲ್ಲಿ ಆಗ ನೆರೆಮನೆಯ ನಾಲ್ಕು ಜನ ಇದ್ದರು. ವೈರಿನ ಕೆಲಸ ಎಲ್ಲ ಅವನದ್ದೇ. ನಾನು ಹಿಂದೆಮುಂದೆ ನೋಡದೆ, "ಜಾಯಿಂಟು ಸಡಿಲ ಬಿಟ್ಟಿದ್ದೀಯ. ಫೇಲಾದವರ ಕೆಲಸ ಹೀಗೇ" ಎಂದುಬಿಟ್ಟೆ. ಅವನು ಏನೂ ಹೇಳಲಿಲ್ಲ. ಸ್ಪಾನರನ್ನು ಒರೆಸಿ ಅದರ ಜಾಗದಲ್ಲಿ ಇಟ್ಟು ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ನಾನೇ ಕುಳಿತು ಅವನ ಜಾಯಿಂಟುಗಳನ್ನೆಲ್ಲ ಎಳೆದು ನೋಡಿದೆ. ಒಂದೂ ಅಲುಗಲಿಲ್ಲ. ಮೂರನೇ ದಿನ ಮಲ್ಟಿಮೀಟರಿನ ಒಂದು ಮೊನೆಯನ್ನು ಮೀಟರಿನ ಅರ್ತ್ ವೈರಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟೆ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಹಾರ್ನ್ ಒತ್ತಿದೆ: 3.4 ವೋಲ್ಟ್! ಬ್ಯಾಟರಿಯಲ್ಲಿ 12.2 ಇದ್ದರೂ ಮೀಟರಿಗೆ ಸಿಗುತ್ತಿದ್ದುದು 8.8 ಮಾತ್ರ. ಕಾಗದದಲ್ಲಿ ಕನಿಷ್ಠ 9 ಬೇಕೆಂದಿತ್ತು. ಹಾರ್ನಿಗೂ ಮೀಟರಿಗೂ ಅರ್ತ್ ಒಂದೇ ಬೋಲ್ಟಿನಲ್ಲಿ. ಬೋಲ್ಟ್ ಬಿಚ್ಚಿದೆ. ಅದರ ಅಡಿಯಲ್ಲಿ ದಪ್ಪನೆಯ ಪೈಂಟು. ತುಕ್ಕು ಹಿಡಿಯಬಾರದೆಂದು ಆ ಪಟ್ಟಿಗೆ ಎರಡು ಕೋಟು ಬಳಿದವನು ನಾನು! ಜೋಡಿ ಹಾರ್ನಿನ ಸ್ವರ ಕುಗ್ಗಿದ್ದುದನ್ನೂ ನನ್ನ ಕಿವಿ ಕೇಳಿತ್ತು, ಆದರೆ ತಲೆ ಕೇಳಿರಲಿಲ್ಲ. ಪೈಂಟು ಕೆರೆದು, ತಗಡು ಹೊಳೆಯುವಂತೆ ಮಾಡಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಮತ್ತೆ ಅಳೆದರೆ 0.04 ವೋಲ್ಟ್.

ಬೈದದ್ದು ನಾಲ್ಕು ಜನರ ಮುಂದೆ. ಹಾಗಾದರೆ ತಪ್ಪೊಪ್ಪಿಕೊಳ್ಳುವುದೂ ಜನರ ಮುಂದೆಯೇ ಆಗಬೇಕಲ್ಲ? ಶುಕ್ರವಾರ ಜುಮಾ ನಮಾಝ್ ಮುಗಿಸಿ ತಂಗಿಯ ಮನೆಗೆ ಹೋದೆ. ಅವನ ಉಪ್ಪ, ಉಮ್ಮ ಇದ್ದರು, ನೆರೆಯವರೂ ಇದ್ದರು. "ತಪ್ಪು ನಿನ್ನ ಜಾಯಿಂಟಿನದ್ದಲ್ಲ, ನನ್ನ ಪೈಂಟಿನದ್ದು. ನಾನು ಆಡಿದ ಮಾತು ಅದಕ್ಕಿಂತ ದೊಡ್ಡ ತಪ್ಪು. ಕ್ಷಮಿಸು" ಎಂದೆ. ಅರುವತ್ತು ದಾಟಿದ ಮಾವ ಹತ್ತೊಂಬತ್ತರ ಅಳಿಯನಿಗೆ ಹೇಳುವ ಮಾತಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಅವನು ತಲೆ ತಗ್ಗಿಸಿ ಕೇಳಿದ್ದು ಒಂದೇ ಮಾತು: "ಎಷ್ಟು ವೋಲ್ಟ್ ಬಂತು ಮಾಮ?"

ಮೂರನೇ ತೊಂದರೆ, ಅವನ ಪುಸ್ತಕ

ಇಷ್ಟಾದರೂ ಕಾರಿನ ಕಾಟ ಮುಗಿದಿರಲಿಲ್ಲ. ಕೆಲವೊಮ್ಮೆ ಓಡುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದು, ಸೂಚಕ ದೀಪ ಮಿಟುಕತೊಡಗುತ್ತಿತ್ತು. ಕೆಲವೊಮ್ಮೆ ಇಡೀ ದಿನ ಏನೂ ಇಲ್ಲ. ರೋಗಗಳಲ್ಲೆಲ್ಲ ಕೆಟ್ಟದ್ದು ಬಂದುಹೋಗುವ ರೋಗ. ಮರಗಳ ನೆರಳು ಕಾರಣವೆಂದು ನಾನು ಹೇಳಿದೆ. ಅದರಲ್ಲಿ ಅರ್ಥವಿತ್ತು. ದಟ್ಟ ಎಲೆ, ಅದರಲ್ಲೂ ಒದ್ದೆ ಎಲೆ, ಸಂಕೇತವನ್ನು ಕುಗ್ಗಿಸುತ್ತದೆ. ಆದರೆ ಬಯಲಿನಲ್ಲೂ ಹೀಗಾಯಿತು.

ಹುಡುಗ ಒಂದು ಹಳೆಯ ನೋಟ್ ಪುಸ್ತಕದಲ್ಲಿ ಗೆರೆ ಎಳೆದ. ಸಮಯ, ಜಾಗ, ಮೋಡವೋ ಬಿಸಿಲೋ, ಇಂಜಿನ್ ಚಾಲೂ ಇದೆಯೋ, ದೀಪ ಹೊತ್ತಿದೆಯೋ, ಚಾರ್ಜರಿನಲ್ಲಿ ಮೊಬೈಲು ಇದೆಯೋ, ಮುಳ್ಳು ಸರಿಯೋ ತಪ್ಪೋ. "ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಮಾಮ, ಎರಡು ಬೇಡ" ಎಂದ. ಹದಿನಾಲ್ಕು ಓಟ ಬರೆದ ಮೇಲೆ ಪುಸ್ತಕವನ್ನು ನನ್ನ ಮುಂದೆ ಇಟ್ಟ. ತಪ್ಪು ಬಂದದ್ದು ಆರು ಸಲ. ಆರೂ ಸಲ ಚಾರ್ಜರಿನಲ್ಲಿ ಮೊಬೈಲು ಇತ್ತು. ಮೊಬೈಲು ಇಲ್ಲದ ಎಂಟೂ ಸಲ ಮುಳ್ಳು ಸರಿಯಿತ್ತು.

ಮೊಬೈಲನ್ನು ಅಲ್ಲಿ ಇಡುತ್ತಿದ್ದುದು ಯಾಕೆ ಗೊತ್ತೇ? ಮೀಟರು ತೋರಿಸುವ ವೇಗ ಸರಿಯೋ ಎಂದು ಮೊಬೈಲಿನ ವೇಗದೊಂದಿಗೆ ತಾಳೆ ನೋಡಲು! ಬ್ಯಾಟರಿ ಇಳಿಯಬಾರದೆಂದು ಪೇಟೆಯಲ್ಲಿ ಕೊಂಡ ಅಗ್ಗದ ಚಾರ್ಜರಿಗೆ ಸಿಕ್ಕಿಸುತ್ತಿದ್ದೆವು. 12 ವೋಲ್ಟನ್ನು 5ಕ್ಕೆ ಇಳಿಸಲು ಅದರೊಳಗಿನ ಸರ್ಕ್ಯೂಟು ಸೆಕೆಂಡಿಗೆ ಲಕ್ಷಾಂತರ ಸಲ ಕರೆಂಟನ್ನು ಕಡಿದು ಜೋಡಿಸುತ್ತದೆ. ಆ ಕಡಿತದ ಗಲಾಟೆ ರೇಡಿಯೋ ಅಲೆಯಾಗಿ ಸುತ್ತ ಹರಡುತ್ತದೆ. ಒಳ್ಳೆಯ ಚಾರ್ಜರಿನಲ್ಲಿ ಅದನ್ನು ತಡೆಯುವ ಏರ್ಪಾಡು ಇರುತ್ತದೆ, ಇದರಲ್ಲಿ ಇರಲಿಲ್ಲ. ಆಂಟೆನಾದ ಕೇಬಲು ಹೋಗಿದ್ದುದು ಅದರ ಬೆನ್ನಿಗೆ ತಾಗಿಯೇ. ಮದುವೆ ಮನೆಯ ಮೈಕಿನ ಪಕ್ಕದಲ್ಲಿ ನಿಂತು ದೂರದವರ ಪಿಸುಮಾತು ಕೇಳಿದ ಹಾಗಾಯಿತು. ಪರೀಕ್ಷಿಸಲು ತಂದ ವಸ್ತುವೇ ಪರೀಕ್ಷೆಯನ್ನು ಕೆಡಿಸುತ್ತಿತ್ತು. ಚಾರ್ಜರು ಕಿತ್ತು, ಕೇಬಲನ್ನು ಆಚೆ ಬದಿಯಿಂದ ಒಯ್ದೆವು. ಆಮೇಲೆ ಅವನು ಸುಮ್ಮನಾಗಲಿಲ್ಲ. ಅದೇ ಚಾರ್ಜರನ್ನು ಪುನಃ ಸಿಕ್ಕಿಸಿ, ಮುಳ್ಳು ಬೀಳುವುದನ್ನು ನೋಡಿ, ಕಿತ್ತು, ಏಳುವುದನ್ನು ನೋಡಿ, ಆಮೇಲೆ ಪುಸ್ತಕದಲ್ಲಿ "ಕಾರಣ ಖಚಿತ" ಎಂದು ಬರೆದ. ರೋಗ ವಾಸಿಯಾದರೆ ಸಾಲದು, ಯಾವ ಮದ್ದಿನಿಂದ ವಾಸಿಯಾಯಿತೆಂದು ತಿಳಿಯಬೇಕು. ಮೂವತ್ತು ವರ್ಷ ಕಲಿಸಿದ ನಾನು ಇದನ್ನು ಅಷ್ಟು ಸ್ಪಷ್ಟವಾಗಿ ಯಾರಿಗೂ ಕಲಿಸಿರಲಿಲ್ಲ.

ಸರಿಯೆಂದು ನಂಬುವ ಮೊದಲು

ಕೊನೆಗೆ ಮೀಟರನ್ನು ಮೊಬೈಲಿನಿಂದಲ್ಲ, ನೆಲದಿಂದ ಪರೀಕ್ಷಿಸಿದೆವು. ಮೊಬೈಲೂ ಅದೇ ಉಪಗ್ರಹಗಳನ್ನು ಕೇಳುವುದು; ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕೇಳಿದಂತೆ. ಟೇಪು ಹಿಡಿದು ತೋಟದ ದಾರಿಯಲ್ಲಿ 100 ಮೀಟರ್ ಅಳೆದು ಎರಡು ಕಡೆ ಸುಣ್ಣದ ಗೆರೆ ಎಳೆದೆವು. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್. ಮುಳ್ಳನ್ನು 18ರಲ್ಲಿ ಹಿಡಿದು ಓಡಿಸಿದರೆ ಗೆರೆಯಿಂದ ಗೆರೆಗೆ 20 ಸೆಕೆಂಡು ಬೇಕು. ಐದು ಸಲ ಓಡಿಸಿದೆವು. ಐದೂ ಸಲ ಹತ್ತೊಂಬತ್ತೂವರೆಗೂ ಇಪ್ಪತ್ತೂವರೆಗೂ ನಡುವೆ ಬಂತು. ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡವೇ ಅಷ್ಟಿರುತ್ತದೆ.

ಈ ಮೀಟರಿಗೂ ಮಿತಿಗಳಿವೆ. ಸುರಂಗದಲ್ಲಿ ಅದು ಕುರುಡು. ನಿಂತಲ್ಲೇ ನಿಂತಿದ್ದರೂ ಕೆಲವೊಮ್ಮೆ ಒಂದೆರಡು ಕಿಲೋಮೀಟರ್ ತೋರಿಸುತ್ತದೆ. ಸಂಕೇತ ತಪ್ಪಿದಾಗ ಓಡಿದ ದೂರ ಲೆಕ್ಕಕ್ಕೆ ಬರುವುದಿಲ್ಲ. ತಟ್ಟನೆ ಆಕ್ಸಿಲರೇಟರ್ ಒತ್ತಿದರೆ ಮುಳ್ಳು ಕಾರಿಗಿಂತ ಸ್ವಲ್ಪ ಹಿಂದೆ ಉಳಿಯುತ್ತದೆ. ಆದ್ದರಿಂದ ಮಕ್ಕಳನ್ನು ಕೂರಿಸಿದಾಗ ನಾವು 20ಕ್ಕಲ್ಲ, 15ಕ್ಕೇ ನಿಲ್ಲಿಸಿದೆವು.

ಇದನ್ನು ಓದಿ ಉತ್ಸಾಹದಿಂದ ಮನೆಯಲ್ಲಿ ಕಾರು ಕಟ್ಟಿ ರಸ್ತೆಗಿಳಿಸಬೇಡಿ. ನಮ್ಮ ಕಾರು ರಸ್ತೆಯಲ್ಲಿ ಓಡಿಲ್ಲ. ಶಾಲೆಗೂ ಅದನ್ನು ಲಾರಿಯಲ್ಲೇ ಒಯ್ದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿಯಾದ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ವಿಂಟೇಜ್ ವಾಹನಗಳಿಗೆ 2021ರ ಜುಲೈಯಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ, ಚಾಸಿಸ್, ಬಾಡಿ, ಇಂಜಿನ್ ಮೂಲದಂತೆಯೇ ಇರುವ ಗಾಡಿಗೆ ನಂಬರಿನ ನಡುವೆ "ವಿಎ" ಅಕ್ಷರ ಸಿಗುತ್ತದೆ. ಹಳೆಯ ಆಕಾರದ ಹೊಸ ಕಾರು ಅದಕ್ಕೆ ಸೇರುವುದಿಲ್ಲ. ಅಂದಕ್ಕೆ ಕಟ್ಟಿದ್ದನ್ನು ಅಂಗಳದಲ್ಲೇ ಓಡಿಸಿ ಖುಷಿಪಡಬೇಕು.

ಕೊನೆಯ ಮಾತು

ಪ್ರದರ್ಶನದ ದಿನ ಸ್ಟೀರಿಂಗ್ ಹಿಡಿದದ್ದು ನಾನು. ಮಕ್ಕಳಿಗೆ ಮೀಟರನ್ನು ವಿವರಿಸಿದ್ದು ಅವನು. ಒಬ್ಬಳು ಪುಟ್ಟ ಹುಡುಗಿ, "ಅಣ್ಣ, ಇದು ತಪ್ಪು ತೋರಿಸಿದರೆ ನಿಮಗೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದಳು. ಅವನು ಆ ಹಳೆಯ ನೋಟ್ ಪುಸ್ತಕ ತೆರೆದು ತೋರಿಸಿದ. ಬಿದ್ದ ಆರು ಸಲದ ಲೆಕ್ಕವನ್ನೇ ಮೊದಲು ತೋರಿಸಿದ.

ಉಳಿದ ಮೂರು ವಿಷಯಗಳಲ್ಲಿ ಎರಡನ್ನು ಅವನು ಈಗ ಪಾಸು ಮಾಡಿದ್ದಾನೆ. ಒಂದು ಬಾಕಿ ಇದೆ. ಅದನ್ನೂ ಬರೆಯುತ್ತಾನೆ. ಅವನು ಓದುವ ಕ್ರಮವೂ ಬದಲಾಗಿದೆ. ತಪ್ಪಿದ ಲೆಕ್ಕಗಳಿಗೇ ಒಂದು ಪುಸ್ತಕ ಇಟ್ಟಿದ್ದಾನೆ, ಯಾವ ಸಾಲಿನಲ್ಲಿ ತಪ್ಪಿತೆಂದು ಬರೆಯುತ್ತಾನೆ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ನಾವು ಪ್ರತಿ ವರ್ಷ ಇದೇ ವೇದಿಕೆಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸುತ್ತೇವೆ. ಅದು ಆಗಲೇಬೇಕು. ಅದೇ ದಿನ, ಫೇಲಾಗಿ ಮನೆಯಲ್ಲಿ ಕುಳಿತವರ ಪಟ್ಟಿಯನ್ನೂ ಯಾರಾದರೂ ಒಬ್ಬರು ಕೈಗೆತ್ತಿಕೊಂಡು ಅವರ ಮನೆಗಳಿಗೆ ಹೋಗಿ ಬರಬಾರದೇ? ಒಂದು ಮೀಟರು ಸೊನ್ನೆ ತೋರಿಸಿದರೆ ಆಂಟೆನಾ ಎಲ್ಲಿದೆ, ಅರ್ತ್ ಸರಿಯಿದೆಯೇ, ಪಕ್ಕದಲ್ಲಿ ಗಲಾಟೆ ಯಾರದ್ದು ಎಂದು ಎರಡು ವಾರ ಹುಡುಕುತ್ತೇವೆ. ಒಬ್ಬ ಹುಡುಗ ಸೊನ್ನೆ ತಂದರೆ ಅಷ್ಟು ಹುಡುಕುತ್ತೇವೆಯೇ? ನಾನು ಹುಡುಕಿರಲಿಲ್ಲ. ಪೈಂಟು ಬಳಿದವನೇ ನಾನಾಗಿದ್ದೆ.

 ಕಾರು ನೋಡಬೇಕೆನ್ನುವ ವಿದ್ಯಾರ್ಥಿಗಳು ಶೆಡ್ಡಿಗೆ ಬರಬಹುದು. ಬರುವಾಗ ಒಂದು ನೋಟ್ ಪುಸ್ತಕ ತನ್ನಿ.